ಆಯುಧಗಳನ್ನು ಹೊರಗಿಡಿಸಿದ ಬಾಗಿಲು

ಯಾತ್ರೆಯೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಉನ್ನತ ಶಿಖರ, ವಿಶಾಲ ಪ್ರಾಕಾರ, ಕಿಕ್ಕಿರಿದ ಜನಸಂದಣಿ. ಇವೊಂದೂ ಇಲ್ಲದ ಸ್ಥಳವೂ ಒಮ್ಮೊಮ್ಮೆ ಮನಸ್ಸನ್ನು ಹಿಡಿದು ನಿಲ್ಲಿಸಬಲ್ಲದು. ಪರದೇಶದಲ್ಲಿ ನೆಲೆಸಿರುವ ಮಗಳು-ಅಳಿಯಂದಿರ ಮನೆಗೆ ಹೋಗಿದ್ದಾಗ, ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತದಲ್ಲಿ ಅಂಥದೊಂದು ಹಳ್ಳಿಯ ಚರ್ಚನ್ನು ಕಾಣುವ ಯೋಗ ನಮಗೆ ಒದಗಿಬಂದಿತು.

ಆ ಹಳ್ಳಿಯ ಹೆಸರು ಆಂಗೋವಿಲ್-ಒ-ಪ್ಲೆನ್. ಕಾರಾಂತಾನ್ ಎಂಬ ಪಟ್ಟಣಕ್ಕೆ ಕೆಲವೇ ಮೈಲಿಗಳ ದೂರ, ಸಮುದ್ರತೀರವೂ ಸಮೀಪ. ನೂರು ಜನರೂ ವಾಸವಿಲ್ಲದ ಈ ಊರು 2016ರಲ್ಲಿ ಕಾರಾಂತಾನಿನ ಆಡಳಿತದೊಡನೆ ವಿಲೀನವಾಯಿತು. ದಟ್ಟವಾದ ಬೇಲಿಸಾಲುಗಳ ನಡುವೆ ದನ ಮೇಯುವ ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಮನೆ, ಸುತ್ತಲೂ ಸಮಾಧಿಗಳಿರುವ ಹಳೆಯ ಕಲ್ಲಿನ ಚರ್ಚು, ಊರೆಂದರೆ ಇಷ್ಟೇ.

ಶತಮಾನಗಳ ಹಿಂದೆ ಕಟ್ಟಿದ ಈ ಚರ್ಚು ಸಂತ ಕೋಸ್ಮ ಹಾಗೂ ಸಂತ ದಾಮಿಯಾನರ ಹೆಸರಿನಲ್ಲಿದೆ. ಕ್ರೈಸ್ತ ಪರಂಪರೆಯ ಪ್ರಕಾರ ಇವರು ಅವಳಿ ಸಹೋದರರು; ವೃತ್ತಿಯಿಂದ ವೈದ್ಯರು. ರೋಗಿಗಳಿಂದ ಒಂದು ಕಾಸನ್ನೂ ಮುಟ್ಟದೆ ಚಿಕಿತ್ಸೆ ಮಾಡುತ್ತಿದ್ದರು. ಆದ್ದರಿಂದಲೇ ಗ್ರೀಕರು ಅವರನ್ನು ‘ಬೆಳ್ಳಿಯನ್ನು ಒಲ್ಲದವರು’ ಎಂಬ ಅರ್ಥದ ಬಿರುದಿನಿಂದ ಕರೆದರು. ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ನನ ಕಾಲದಲ್ಲಿ ತಮ್ಮ ನಂಬಿಕೆಗಾಗಿ ಪ್ರಾಣ ತೆತ್ತರು. ಇಬ್ಬರು ವೈದ್ಯರ ಹೆಸರು ಹೊತ್ತ ಈ ಮಂದಿರಕ್ಕೆ ಶತಮಾನಗಳ ತರುವಾಯ ಮತ್ತಿಬ್ಬರು ಬಂದರು. ಅವರ ಕಥೆಯೇ ಇಲ್ಲಿಯ ಸ್ಥಳಪುರಾಣ.

ಎರಡನೆಯ ಮಹಾಯುದ್ಧದಲ್ಲಿ, 1940ರಿಂದ ಈ ಪ್ರದೇಶ ಜರ್ಮನರ ವಶದಲ್ಲಿತ್ತು. 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸೇನೆ ನಾರ್ಮಂಡಿಯ ಕರಾವಳಿಗೆ ಬಂದಿಳಿಯಿತು. ಅದಕ್ಕೂ ಮುನ್ನ, ನಸುಕು ಹರಿಯುವ ಮೊದಲೇ, ಅಮೆರಿಕೆಯ ಸಾವಿರಾರು ಸೈನಿಕರು ವಿಮಾನಗಳಿಂದ ಪ್ಯಾರಾಚೂಟ್ ಹಿಡಿದು ಧುಮುಕಿದರು. ಜರ್ಮನರು ತಗ್ಗಿನ ಹೊಲಗಳಿಗೆ ನೀರು ನುಗ್ಗಿಸಿ ಜೌಗು ಮಾಡಿದ್ದರು. ಕತ್ತಲೆಯಲ್ಲಿ ಆ ನೀರಿಗೆ ಬಿದ್ದು ಎಷ್ಟೋ ಮಂದಿ ಮುಳುಗಿ ಸತ್ತರು. ಬದುಕುಳಿದವರು ಬೇಲಿಗಳ ನಡುವೆ ಚದುರಿಹೋದರು. ಅವರಲ್ಲಿ 101ನೆಯ ವಾಯುದಳಕ್ಕೆ ಸೇರಿದ ರಾಬರ್ಟ್ ರೈಟ್ ಮತ್ತು ಕೆನೆತ್ ಮೂರ್ ಎಂಬ ಇಬ್ಬರು ತರುಣರಿದ್ದರು. ಇವರು ಶಿಕ್ಷಣ ಪಡೆದ ವೈದ್ಯರಲ್ಲ. ಗಾಯಕ್ಕೆ ಪಟ್ಟಿ ಕಟ್ಟುವ, ರಕ್ತ ನಿಲ್ಲಿಸುವ ಪ್ರಥಮ ಚಿಕಿತ್ಸೆಯಷ್ಟೇ ಬಲ್ಲ ಸೇನಾ ಶುಶ್ರೂಷಕರು. ವಯಸ್ಸು ಇಪ್ಪತ್ತರ ಆಸುಪಾಸು.

ಗಾಯಾಳುಗಳನ್ನು ಮಲಗಿಸಲು ಊರಿನಲ್ಲಿ ಇದ್ದ ಸೂರು ಚರ್ಚಿನದು. ಭಕ್ತರು ಕುಳಿತು ಪ್ರಾರ್ಥಿಸುವ ಮರದ ಬೆಂಚುಗಳೇ ಹಾಸಿಗೆಗಳಾದವು. ಹೊರಗೆ ಕಾಳಗ ನಡೆದೇ ಇತ್ತು. ಹಳ್ಳಿ ಒಮ್ಮೆ ಇವರ ಕೈಗೆ, ಒಮ್ಮೆ ಅವರ ಕೈಗೆ ಹೋಗುತ್ತಿತ್ತು. ಅಮೆರಿಕನ್ ಪಡೆ ಹಿಂದೆ ಸರಿಯಬೇಕಾಗಿ ಬಂದಾಗ ರೈಟ್ ಮತ್ತು ಮೂರ್ ಗಾಯಾಳುಗಳನ್ನು ಬಿಟ್ಟು ಹೋಗಲೊಲ್ಲದೆ ಅಲ್ಲಿಯೇ ಉಳಿದರು. ಸ್ವಲ್ಪ ಹೊತ್ತಿನಲ್ಲಿ ಜರ್ಮನ್ ಅಧಿಕಾರಿಯೊಬ್ಬ ಒಳಗೆ ಬಂದ. ಬೆಂಚುಗಳ ಮೇಲಿನ ದೃಶ್ಯವನ್ನು ಕಂಡು, ತನ್ನ ಕಡೆಯ ಗಾಯಾಳುಗಳನ್ನೂ ನೋಡಿಕೊಳ್ಳುವಿರಾ ಎಂದು ವಿಚಾರಿಸಿದ. ಇವರು ಒಪ್ಪಿದರು. ಬಾಗಿಲಲ್ಲಿ ರೆಡ್‌ಕ್ರಾಸ್ ಧ್ವಜ ಕಾಣಿಸಿಕೊಂಡಿತು. ಇವರು ವಿಧಿಸಿದ ನಿಯಮ ಒಂದೇ: ಯಾವ ಪಕ್ಷದವನೇ ಆಗಲಿ, ಆಯುಧವನ್ನು ಹೊರಗಿಟ್ಟು ಒಳಗೆ ಬರಬೇಕು.

ಒಂದು ಫಿರಂಗಿ ಗುಂಡು ಛಾವಣಿಯನ್ನು ಸೀಳಿಕೊಂಡು ಬಂದು ನೆಲಕ್ಕೆ ಬಡಿಯಿತು. ಸಿಡಿಯಲಿಲ್ಲ, ಸಿಡಿದಿದ್ದರೆ ಒಳಗಿದ್ದವರು ಉಳಿಯುತ್ತಿರಲಿಲ್ಲ. ಅದು ಬಿದ್ದಲ್ಲಿ ಬಿರುಕು ಬಿಟ್ಟ ನೆಲಗಲ್ಲನ್ನು ಈಗಲೂ ಕಾಣಬಹುದು. ಗೋಪುರದಲ್ಲಿ ಅಡಗಿದ್ದ ಇಬ್ಬರು ಜರ್ಮನ್ ಸೈನಿಕರು ಕೊನೆಗೆ ತಾವಾಗಿಯೇ ಇಳಿದುಬಂದು ಶರಣಾದರು. ಕೆಳಗೆ ತಮ್ಮವರಿಗೂ ಶುಶ್ರೂಷೆ ನಡೆಯುತ್ತಿದ್ದುದರ ಅರಿವು ಅವರಿಗೆ ಇದ್ದಿತೋ ಏನೋ! ಕಾಳಗ ಮುಗಿಯುವ ವೇಳೆಗೆ ಆ ಇಬ್ಬರು ತರುಣರ ಕೈಯಲ್ಲಿ ಎರಡೂ ಸೈನ್ಯಗಳ ಸುಮಾರು 80 ಗಾಯಾಳುಗಳೂ ಊರಿನ ಒಂದು ಮಗುವೂ ಉಪಚಾರ ಪಡೆದಿದ್ದರು.

ಗಾಯಗೊಂಡು ಬಿದ್ದ ಸೈನಿಕನನ್ನು ಪಕ್ಷ ನೋಡದೆ ಉಪಚರಿಸಬೇಕೆಂಬುದು 1864ರ ಜಿನೀವಾ ಒಪ್ಪಂದದ ವಿಧಿ. 1859ರಲ್ಲಿ ಇಟಲಿಯ ಸೊಲ್ಫೆರಿನೊ ರಣಭೂಮಿಯ ಸಂಕಟವನ್ನು ಕಣ್ಣಾರೆ ಕಂಡ ಹೆನ್ರಿ ಡ್ಯುನಾಂಟರ ಪ್ರಯತ್ನವೇ ಆ ವಿಧಿಗೂ ರೆಡ್‌ಕ್ರಾಸ್ ಸಂಸ್ಥೆಗೂ ಬೀಜ. ವಿಧಿಯನ್ನು ಬರೆದಿಡುವುದು ಸುಲಭ. ತನ್ನ ಗೆಳೆಯನನ್ನು ಕೆಡವಿದ ಕೈಗೇ ಪಟ್ಟಿ ಕಟ್ಟಬೇಕಾಗಿ ಬಂದಾಗ ಅದನ್ನು ನಡೆಸುವುದು ಎಷ್ಟು ಕಠಿಣವೆಂಬುದನ್ನು ಓದುಗರೇ ಊಹಿಸಬೇಕು.

ಬಾಲ್ಯದಲ್ಲಿ ಮಠದಲ್ಲಿ ಓದುತ್ತಿದ್ದಾಗ ನಸುಕಿನಲ್ಲೆದ್ದು ಕಲ್ಲಿನ ನೆಲವನ್ನು ತೊಳೆಯುವುದು ನಮ್ಮ ಪಾಲಿನ ಸೇವೆಯಾಗಿತ್ತು. ಒಂದು ಕಲೆ ಉಳಿದರೂ ಗುರುಗಳು ಮತ್ತೆ ತೊಳೆಸುತ್ತಿದ್ದರು. ಆ ಅಭ್ಯಾಸ ಬಲವಾದುದು. ಚರ್ಚಿನೊಳಗೆ ಕಾಲಿಟ್ಟು, ಬೆಂಚುಗಳ ಮರದಲ್ಲಿ ಇಂಗಿ ಕಪ್ಪಾಗಿರುವ ರಕ್ತದ ಕಲೆಗಳನ್ನು ಕಂಡೊಡನೆ ನಮ್ಮ ಮನಸ್ಸು ಹಿಂಜರಿಯಿತು. ದೇವರ ಸನ್ನಿಧಿಯಲ್ಲಿ ಇದನ್ನೇಕೆ ಉಜ್ಜಿ ತೆಗೆಯಲಿಲ್ಲವೆಂಬ ಪ್ರಶ್ನೆ ನಾಲಗೆಯ ತುದಿಗೆ ಬಂದಿತು. ಆಗ ಮೊಮ್ಮಗಳು ಮೆಲ್ಲನೆ, “ಅಜ್ಜಾ, ಇದರಲ್ಲಿ ಯಾವುದು ಅಮೆರಿಕದವರದು, ಯಾವುದು ಜರ್ಮನಿಯವರದು?” ಎಂದು ಕೇಳಿದಳು. ನಾವು ಬಾಗಿ ನೋಡಿದೆವು. ಹೇಳಲಾಗಲಿಲ್ಲ. ನಮ್ಮ ಪ್ರಶ್ನೆಗೂ ಅಲ್ಲಿಯೇ ಉತ್ತರ ದೊರೆಯಿತು. ಆ ಕಲೆಗಳನ್ನು ತೊಳೆದುಹಾಕಿದ್ದರೆ ಆ ಹುಡುಗಿ ಈ ಪ್ರಶ್ನೆಯನ್ನು ಎಲ್ಲಿ ಕೇಳಬೇಕಾಗಿತ್ತು?

ಕಾಳಗದಲ್ಲಿ ಒಡೆದ ಕಿಟಕಿಗಳಿಗೆ ಈಗ ಬಣ್ಣದ ಗಾಜು ಕೂಡಿಸಿದ್ದಾರೆ. ಒಂದು ಪ್ಯಾರಾಚೂಟ್ ಸೈನಿಕರ ಸ್ಮರಣೆಗೆ, ಮತ್ತೊಂದು ಆ ಇಬ್ಬರು ಶುಶ್ರೂಷಕರ ಸ್ಮರಣೆಗೆ. ಹೊರಗೆ ಅವರಿಬ್ಬರ ಹೆಸರಿನ ಸ್ಮಾರಕಶಿಲೆಯಿದೆ. ರೈಟ್ 2013ರಲ್ಲಿ ತಮ್ಮ ದೇಶದಲ್ಲಿ ತೀರಿಕೊಂಡರು, ಮೂರ್ ಮರುವರ್ಷ. ರೈಟರ ಅವಶೇಷಗಳು ಮಾತ್ರ ಸಮುದ್ರ ದಾಟಿ ಈ ಚರ್ಚಿನ ಅಂಗಳಕ್ಕೆ ಮರಳಿದವು. ಅವರ ಸಮಾಧಿಯ ಪುಟ್ಟ ಕಲ್ಲಿನ ಮೇಲಿರುವುದು ಹೆಸರಿನ ಮೂರು ಅಕ್ಷರಗಳು: ಆರ್. ಇ. ಡಬ್ಲ್ಯು. ಬಿರುದಿಲ್ಲ, ಪ್ರಶಸ್ತಿಯ ಉಲ್ಲೇಖವಿಲ್ಲ. ಗೊತ್ತಿಲ್ಲದವರು ದಾಟಿ ಹೋಗಿಬಿಡುತ್ತಾರೆ.

ಊರಿಗೆ ಮರಳಿದ ಮೇಲೆ ಒಂದು ಸಂಗತಿ ನಮ್ಮನ್ನು ಬಾಧಿಸುತ್ತಿದೆ. ಬಾಂದುಕಲ್ಲಿನ ಜಗಳಕ್ಕೆ ದಾಯಾದಿಗಳು ಮಾತು ಬಿಟ್ಟ ಮನೆಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿಲ್ಲ! ಒಂದು ಗೋಡೆಯ ಆಚೆ ಅಣ್ಣ ಜ್ವರದಿಂದ ನರಳುತ್ತಿದ್ದರೂ ಈಚೆಯ ತಮ್ಮ ಹೊಸ್ತಿಲು ದಾಟುವುದಿಲ್ಲ. ನಮ್ಮ ಬಂಧುವರ್ಗದಲ್ಲಿಯೂ ಅಂಥ ಮನೆಯೊಂದಿದೆ. ಹಿರಿಯರಾಗಿ ನಾವು ಇದುವರೆಗೆ ಸುಮ್ಮನಿದ್ದುದು ತಪ್ಪೆಂದು ಈಗ ತೋರುತ್ತಿದೆ. ಆ ತರುಣರು ಗುಂಡಿನ ಮಳೆಯ ನಡುವೆ ಯುದ್ಧವನ್ನು ನಿಲ್ಲಿಸಲಾರದೆ ಹೋದರು. ಒಂದು ಬಾಗಿಲಿನ ಒಳಗೆ ಅದು ಬಾರದಂತೆ ನೋಡಿಕೊಂಡರು. ನಮ್ಮ ಮನೆಗೂ ಬಾಗಿಲಿದೆ. ಬರುವ ಹಬ್ಬಕ್ಕೆ ಆ ಇಬ್ಬರು ಸಹೋದರರನ್ನೂ ಕರೆಯಬೇಕೆಂದಿದ್ದೇವೆ. ಜಗಳವನ್ನು ಅವರು ಪಾದರಕ್ಷೆಗಳ ಜೊತೆಗೆ ಹೊರಗೆ ಬಿಟ್ಟು ಬಂದರೆ ಸಾಕು.