ಸೊನ್ನೆಯೂ ಅಡ್ಡಗೆರೆಯೂ

ಸಂಶೋಧನೆಯಲ್ಲಿ ತೊಡಗಿರುವ ನನ್ನ ತಮ್ಮನ ಮಗಳು ಅನುದಾನಕ್ಕಾಗಿ ಸಿದ್ಧಪಡಿಸುತ್ತಿದ್ದ ಪ್ರಸ್ತಾವನೆಯ ಕರಡನ್ನು ನನ್ನ ಕೈಗಿತ್ತು, “ದೊಡ್ಡಪ್ಪ, ನಿಮ್ಮ ಕಾಲದಲ್ಲಿ ಈ ಡೇಟಾ ಪ್ಲ್ಯಾನನ್ನೆಲ್ಲ ಯಾರು ಬರೆಯುತ್ತಿದ್ದರು?” ಎಂದು ಕೇಳಿದಳು. ಯಾರೂ ಬರೆಯುತ್ತಿರಲಿಲ್ಲ. ಉದ್ದೇಶ, ವಿಧಾನ, ಸಿಬ್ಬಂದಿ, ಉಪಕರಣ, ಪ್ರಯಾಣವೆಚ್ಚ, ಇವಿಷ್ಟನ್ನು ತುಂಬಿ ರುಜು ಹಾಕಿದರೆ ಅರ್ಜಿ ಮುಗಿಯಿತು; ಸಂಗ್ರಹಿಸಿದ ಅಂಕಿಅಂಶಗಳು ಮುಂದೆ ಎಲ್ಲಿರುವುವು, ಯಾರ ಪಾಲಾಗುವುವು ಎಂದು ವಿಚಾರಿಸುವ ಅಂಕಣವೇ ಅದರಲ್ಲಿರಲಿಲ್ಲ; ವಿಚಾರಿಸಿದ್ದರೆ ನಮ್ಮ ಹಿರಿಯರು ಅದನ್ನು ಅಪಮಾನವೆಂದೇ ಬಗೆಯುತ್ತಿದ್ದರೋ ಏನೋ. ಆದರೂ, ಯೋಜನೆಯೆಂಬ ಹೆಸರಿಲ್ಲದೆ ಆ ಕೆಲಸವನ್ನು ಜೀವಮಾನವಿಡೀ ಮಾಡಿದ ಒಬ್ಬ ಮಹನೀಯರ ಕೈಕೆಳಗೆ ಪಳಗಿದವನಾದ್ದರಿಂದ, ಆ ಒಂದು ಮಾತಿನಲ್ಲಿ ಉತ್ತರವನ್ನು ಮುಗಿಸಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಗುರುಗಳ ವಿಷಯ ಮಲೆನಾಡಿನ ಮಳೆಗೂ ಕಾಫಿಯ ಫಸಲಿಗೂ ಇರುವ ಸಂಬಂಧ. ತೋಟದ ಬಂಗಲೆಯ ಅಂಗಳದಲ್ಲಿ ಮಳೆಮಾಪಕವಿರುತ್ತಿತ್ತು; ಬೆಳಗಿನ ಎಂಟೂವರೆಗೆ ರೈಟರು ಬಂದು, ನೀರನ್ನು ಗಾಜಿನ ಅಳತೆಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟು ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ಮಲೆನಾಡಿನವರು ಇಂಚು ಸೆಂಟುಗಳನ್ನು ಬಿಡಲಿಲ್ಲ. ಯಾವ ರಿಜಿಸ್ಟರನ್ನು ತೆರೆದರೂ ಗುರುಗಳು ಮೊದಲು ಕೇಳುತ್ತಿದ್ದುದು ಎಷ್ಟು ಮಳೆಯಾಯಿತೆಂದಲ್ಲ; ಬರೆದವರು ಯಾರು, ಎಷ್ಟು ಗಂಟೆಗೆ ಅಳೆದರು, ಅವರು ಜಾತ್ರೆಗೋ ಮದುವೆಗೋ ಹೋದಾಗ ಅಳೆದವರು ಯಾರು ಎಂದು. ಮಂಗಳವಾರ ಬೆಳಿಗ್ಗೆ ಅಳೆದ ನೀರಿನ ಬಹುಪಾಲು ಸೋಮವಾರ ಬಿದ್ದದ್ದು. ಅದನ್ನು ಒಂದು ತೋಟದವರು ಸೋಮವಾರಕ್ಕೂ ಪಕ್ಕದವರು ಮಂಗಳವಾರಕ್ಕೂ ಬರೆದುಕೊಂಡರೆ, ಎರಡನ್ನೂ ಜೋಡಿಸಿ ನೋಡುವ ಪಂಡಿತನಿಗೆ ಮೋಡವು ಬೇಲಿ ದಾಟಲು ಒಂದು ರಾತ್ರಿ ತಂಗಿತೆಂದು ತೋರುವುದು.

ಇನ್ನೊಂದು ನಿಯಮದಲ್ಲಿ ಅವರು ಕಠೋರರು. ಮಳೆ ಬಾರದ ದಿನಕ್ಕೆ ಸೊನ್ನೆ, ಅಳೆಯದ ದಿನಕ್ಕೆ ಅಡ್ಡಗೆರೆ. ಖಾಲಿ ಬಿಟ್ಟ ಮನೆ ಒಂದೂ ಇರಕೂಡದು. ಈ ಅರ್ಥವನ್ನು ಪ್ರತಿ ಪುಸ್ತಕದ ಮೊದಲ ಪುಟದಲ್ಲಿ, ಓದುವವನಿಗೆ ಏನೂ ತಿಳಿಯದೆಂದೇ ಭಾವಿಸಿ, ದುಂಡಗಿನ ಅಕ್ಷರಗಳಲ್ಲಿ ಬರೆಯಿಸುತ್ತಿದ್ದರು. ನಮಗಾಗ ಅದು ಮುದುಕರ ಹಟವಾಗಿ ಕಾಣುತ್ತಿತ್ತು.

ಒಂದು ಮಾರ್ಚಿನಲ್ಲಿ, ಹೂಮಳೆ ಬಿದ್ದು ಗಿಡಗಳೆಲ್ಲ ಬೆಳ್ಳಗೆ ಅರಳಿ ನಿಂತಿದ್ದ ಹೊತ್ತಿನಲ್ಲಿ, ಮೂಡಿಗೆರೆಯ ಕಡೆಯ ಒಂದು ತೋಟಕ್ಕೆ ಹೋದೆವು. ಗೌಡರು ಮರದ ಪೆಟ್ಟಿಗೆಯ ಮುಚ್ಚಳ ತೆಗೆದೊಡನೆ ಎಷ್ಟೋ ಮಳೆಗಾಲಗಳನ್ನು ಹೀರಿದ್ದ ಕಾಗದದ ಮುಗ್ಗಲು, ಅದರ ಮೇಲೆ ನುಸಿಗುಳಿಗೆಯ ಘಾಟು, ಎರಡನ್ನೂ ಹಾದು ಜಗಲಿಯಾಚೆಯಿಂದ ಬರುತ್ತಿದ್ದ ಕಾಫಿಹೂವಿನ ಕಂಪು ಒಟ್ಟಿಗೆ ಮೂಗಿಗೆ ತಾಗಿದುವು. ಆ ಸಮ್ಮಿಶ್ರ ಗಂಧವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ರಿಜಿಸ್ಟರಿನ ಎಡಕ್ಕೆ ಮಳೆ, ಬಲತುದಿಯಲ್ಲಿ ಫಸಲು. ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿದ್ದ, ಕೃಷಿ ವರಮಾನ ತೆರಿಗೆಯ ಭಯವೂ ಇದ್ದ ಕಾಲವದು. ಆ ಕೊನೆಯ ಅಂಕಣ ಪರರ ಕಣ್ಣಿಗೆ ಬೀಳುವುದನ್ನು ಯಾವ ಬೆಳೆಗಾರ ತಾನೆ ಸಹಿಸಿಯಾನು? “ಮಳೆ ದೇವರದು ಸ್ವಾಮಿ, ಎಷ್ಟು ಬೇಕಾದರೂ ಬರೆದುಕೊಳ್ಳಿ. ಫಸಲು ನಮ್ಮದು” ಎಂದರು ಗೌಡರು.

ಅಕ್ಕಿರೊಟ್ಟಿಯ ಊಟ ಮುಗಿಯುವವರೆಗೂ ಚೌಕಾಸಿ ನಡೆಯಿತು. ರಿಜಿಸ್ಟರು ಹೊಸಲು ದಾಟಕೂಡದು. ಮಳೆಯ ಲೆಕ್ಕವನ್ನು ಯಾರು ಕೇಳಿದರೂ ಕೊಡಬಹುದು. ಫಸಲಿನ ಅಂಕಣಕ್ಕೆ ರಟ್ಟು ಮುಚ್ಚಿ ನಾವು ನಕಲು ಮಾಡತಕ್ಕದ್ದು. ಫಸಲನ್ನು ಗುರುಗಳೊಬ್ಬರೇ ಬೇರೆ ಪುಸ್ತಕದಲ್ಲಿ, ತೋಟದ ಹೆಸರಿಲ್ಲದೆ ಒಂದು ಸಂಖ್ಯೆಯ ಕೆಳಗೆ ಬರೆದುಕೊಂಡು, ಹಲವು ತೋಟಗಳ ಮೊತ್ತದಲ್ಲಿ ಸೇರಿಸಿಯಲ್ಲದೆ ಅಚ್ಚು ಹಾಕಿಸತಕ್ಕದ್ದಲ್ಲ. ಮಳೆಯ ನಕಲಿನ ಕಾರ್ಬನ್ ಪ್ರತಿ ಗೌಡರಿಗೆ. ಕಂಡುಕೊಂಡ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ತಿಳಿಸಬೇಕು. ಒಂದು ಸಾಲಿನ ಬರವಣಿಗೆಯೂ ಇಲ್ಲದೆ ಆದ ಈ ಒಡಂಬಡಿಕೆಯಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಗುರುಗಳು ಅಕ್ಷರಶಃ ನಡೆಸಿದರು. ಲೇಖನವು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಗೌಡರಿಗೆ ಕನ್ನಡದ ಕಾಗದ ಹೋಗಲಿಲ್ಲ.

ಆಮೇಲೆ ಗಣಕಯಂತ್ರ ಬಂತು. ಎಂಬತ್ತು ಅಂಕಣಗಳ ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು ಮಳೆಯನ್ನು ಅದಕ್ಕೆ ಉಣಿಸಬೇಕು. ಅಂಕಿಗಳ ಜಾಗದಲ್ಲಿ ಖಾಲಿ ಬಿಟ್ಟ ಅಂಕಣವನ್ನು ಅಂದಿನ ಫೋರ್ಟ್ರಾನ್ ಸೊನ್ನೆಯೆಂದೇ ಓದಿಕೊಳ್ಳುತ್ತಿತ್ತು. ಬೇರೊಂದು ವಿಭಾಗದವರು ತಂದಿದ್ದ ಪುಸ್ತಕಗಳಲ್ಲಿ ರೈಟರು ಊರಿಗೆ ಹೋಗಿದ್ದ ಆಷಾಢದ ದಿನಗಳೆಲ್ಲ ಹೀಗೆ ನಿರ್ಜಲ ದಿನಗಳಾದುವು. ಗುರುಗಳ ಅಡ್ಡಗೆರೆ ಮಾತ್ರ ತನಗೊಂದು ಸಂಕೇತವನ್ನು ಬೇಡಿ ಪಡೆಯಿತು. ಅವರ ಹಟದ ಬೆಲೆ ನಮಗೆ ತಿಳಿದದ್ದು ಆಗಲೇ.

ಇಷ್ಟು ಹೊಗಳಿದ ಮೇಲೆ ಉಳಿದುದನ್ನೂ ಹೇಳಬೇಕು. ಆ ಪುಸ್ತಕಗಳ ಬೀರುವಿನ ಬೀಗದ ಕೈ ಅವರ ಜನಿವಾರದಲ್ಲಿತ್ತು. ಮಡಿಬಟ್ಟೆಯಂತೆ ಅನ್ಯರು ಅವನ್ನು ಮುಟ್ಟುವಂತಿರಲಿಲ್ಲ. ಮಳೆಯ ಲೆಕ್ಕವನ್ನು ಯಾರಿಗಾದರೂ ಕೊಡಬಹುದೆಂದು ಗೌಡರೇ ಒಪ್ಪಿದ್ದರೂ, ಪರವೂರಿನ ತರುಣನೊಬ್ಬ ಕೇಳಿ ಬರೆದ ಪತ್ರಗಳಿಗೆ ಉತ್ತರ ಹೋದುದನ್ನು ನಾನು ಕಾಣೆ. ಅವರು ತೀರಿಕೊಂಡ ಬಳಿಕ ಕಟ್ಟಡಕ್ಕೆ ಸುಣ್ಣ ಬಳಿಯಿಸುವ ನೆಪದಲ್ಲಿ ಬೀರು ಹೊರಬಂತು, ಪುಸ್ತಕಗಳು ತೂಕಕ್ಕೆ ಹೋದುವು. ಒಬ್ಬನ ನಿಷ್ಠೆಯನ್ನೇ ನಂಬಿದ ವ್ಯವಸ್ಥೆ ಆ ಒಬ್ಬನೊಡನೆಯೇ ಚಿತೆಯೇರಿತು.

ಆದುದರಿಂದ ಹೊಸ ನಿಯಮಗಳನ್ನು ನಾನು ಹಳಿಯಲಾರೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 2011ರ ಜನವರಿಯಿಂದ ಪ್ರತಿ ಪ್ರಸ್ತಾವನೆಯೊಡನೆ ಎರಡು ಪುಟ ಮೀರದ ದತ್ತಾಂಶ ಯೋಜನೆಯನ್ನು ಕಡ್ಡಾಯ ಮಾಡಿತು. ಅಲ್ಲಿನ ಆರೋಗ್ಯ ಸಂಸ್ಥೆಗಳು 2023ರಲ್ಲಿ ಇನ್ನೂ ಬಿಗಿಯಾದ ನೀತಿಯನ್ನು ತಂದು, ಆ ಕೆಲಸದ ವೆಚ್ಚವನ್ನೂ ಅನುದಾನದಲ್ಲಿ ಕೇಳಬಹುದೆಂದುವು. ನಮ್ಮ ಕೇಂದ್ರ ಸರ್ಕಾರದ ದತ್ತಾಂಶ ಹಂಚಿಕೆಯ ನೀತಿ 2012ರದು. ಜೀವವಿಜ್ಞಾನದ ದತ್ತಾಂಶಕ್ಕೆಂದು ಫರೀದಾಬಾದಿನಲ್ಲಿ 2022ರಲ್ಲಿ ಭಂಡಾರವೇ ತೆರೆದಿದೆ. ದತ್ತಾಂಶವು ಹುಡುಕಿದರೆ ಸಿಗಬೇಕು, ಸಿಕ್ಕರೆ ತೆರೆಯಬೇಕು, ಬೇರೆಯದರೊಡನೆ ಹೊಂದಬೇಕು, ಮತ್ತೊಬ್ಬನ ಉಪಯೋಗಕ್ಕೆ ಬರಬೇಕು ಎಂದು 2016ರಲ್ಲಿ ವಿದ್ವಾಂಸರು ಸೂತ್ರೀಕರಿಸಿದುದರಲ್ಲಿ ನಮ್ಮ ಗುರುಗಳು ಆಕ್ಷೇಪಿಸುವಂಥದು ಆ ಬೀಗದ ಕೈಯೊಂದನ್ನು ಬಿಟ್ಟರೆ ಏನೂ ಇಲ್ಲ.

ಆದರೆ ನನ್ನ ಕೈಗೆ ಬಂದ ಕರಡಿನ ಆ ಎರಡು ಪುಟಗಳು ಬೇರೊಂದು ಪ್ರಸ್ತಾವನೆಯಿಂದ ಎತ್ತಿ ತಂದವು. ಆ ಪ್ರಸ್ತಾವನೆಯವರು ಮತ್ತೊಂದರಿಂದ ತಂದಿದ್ದರಂತೆ. “ಸಮಂಜಸವಾದ ಕೋರಿಕೆಯ ಮೇರೆಗೆ ದತ್ತಾಂಶವನ್ನು ನೀಡಲಾಗುವುದು” ಎಂಬ ವಾಕ್ಯ ಅದರಲ್ಲಿ ರಾರಾಜಿಸುತ್ತಿತ್ತು. ಸಮಂಜಸವೆಂದು ತೀರ್ಮಾನಿಸುವವರು ಯಾರು, ಅವರು ನಿವೃತ್ತರಾದ ಮೇಲೆ ಕೋರಿಕೆ ಯಾರಿಗೆ ಎಂಬುದಕ್ಕೆ ಉತ್ತರವಿರಲಿಲ್ಲ. ಯಂತ್ರಕ್ಕೆ ಲಕ್ಷಗಳಿದ್ದುವು, ಕೂತು ಮೊದಲ ಪುಟ ಬರೆಯುವವನಿಗೆ ಒಂದು ತಿಂಗಳ ಸಂಬಳವೂ ಇರಲಿಲ್ಲ. ಬೀಗದ ಕೈಯ ಅಹಂಕಾರ ಹೋಯಿತು, ಸಂತೋಷ. ಅದರೊಡನೆ ಅಡ್ಡಗೆರೆಯ ಶ್ರದ್ಧೆಯೂ ಹೋಗಬೇಕಾಗಿತ್ತೆ?

ಮಲೆನಾಡಿನ, ಕೊಡಗಿನ ತೋಟದ ಮನೆಗಳಲ್ಲಿ ಇಂಥ ರಿಜಿಸ್ಟರುಗಳು ಇನ್ನೂ ಉಳಿದಿವೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಗುಜರಿಯವನಿಗೆ ಹಾಕಬೇಡಿ. ಪುಟಪುಟವನ್ನೂ ಫೋಟೋ ತೆಗೆದಿಡಿ. ಅಳೆದವರು ಯಾರು, ಎಷ್ಟು ಗಂಟೆಗೆ, ಖಾಲಿ ಮನೆಗೆ ಅರ್ಥವೇನು ಎಂಬುದನ್ನು ಮನೆಯ ಹಿರಿಯರಿರುವಾಗಲೇ ಕೇಳಿ ಬರೆಯಿರಿ. ಬಳಿಕ ಒಂದು ಪ್ರತಿಯನ್ನು ಸಮೀಪದ ಕೃಷಿ ಕಾಲೇಜಿಗೆ ಕೊಡಿ. ಕೊಡುವಾಗ ಫಲಿತಾಂಶವನ್ನು ಕನ್ನಡದಲ್ಲಿ ತಿಳಿಸಬೇಕೆಂಬ ಷರತ್ತನ್ನು ಕಾಗದದ ಮೇಲೆಯೇ ಹಾಕಿಸಿಕೊಳ್ಳಿ.