ಸ್ಟಾರ್ನೋವೇಯ ಮೆಕೆಂಜಿಗಳು

ಸ್ಕಾಟ್ಲೆಂಡಿನ ಉಲ್ಲಾಪೂಲ್ ರೇವಿನಲ್ಲಿ ಹಡಗನ್ನೇರಿ ಮೂರು ಗಂಟೆಗೆ ತುಸು ಕಡಮೆ ಕಾಲ ಪಯಣಿಸಿದರೆ ಲೂಯಿಸ್ ದ್ವೀಪದ ಸ್ಟಾರ್ನೋವೇ ಪಟ್ಟಣವು ದೊರೆಯುವುದು. ನಾವು ಅಲ್ಲಿಗೆ ಹೋದುದು ಒಂದು ಹೆಸರಿನ ಬೆನ್ನು ಹತ್ತಿ. 1799ರ ತರುವಾಯ ಮೈಸೂರು ಸೀಮೆಯನ್ನು ಅಳೆದು, ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕೂಡಿಹಾಕಿ, 1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಆದ ಕರ್ನಲ್ ಕಾಲಿನ್ ಮೆಕೆಂಜಿಯವರ ಜನ್ಮಸ್ಥಳವಿದು.

ರೇವಿನಿಂದ ನೋಡಿದರೆ ಎದುರು ದಡದ ಮರಗಳ ನಡುವೆ ಲೂಸ್ ಕೋಟೆಯು ಕಾಣುವುದು. ಅದು ಮೆಕೆಂಜಿಗಳದಲ್ಲ, 1844ರಲ್ಲಿ ಅವರ ಮನೆತನದಿಂದ ದ್ವೀಪವನ್ನು ಕೊಂಡ ಜೇಮ್ಸ್ ಮ್ಯಾಥೆಸನ್ ಎಂಬ ವರ್ತಕನು ಕಟ್ಟಿಸಿದ್ದು. ಒಡೆತನವು ಹೋಯಿತು, ಹೆಸರು ಉಳಿಯಿತು.

ಗೇಲಿಕ್ ನುಡಿಯಲ್ಲಿ ‘ಮ್ಯಾಕ್’ ಎಂದರೆ ಮಗ. ಮೆಕೆಂಜಿ ಎಂದರೆ ಕೆನೆತನ ಮಗ. ಆದರೆ ಈ ಹೆಸರಿನವರೆಲ್ಲರೂ ಒಂದೇ ರಕ್ತದವರೆಂದು ವಾಚಕರು ಭಾವಿಸಬಾರದು. ಕುಲದೊಡೆಯನ ಆಶ್ರಯದಲ್ಲಿದ್ದ ಒಕ್ಕಲುಗಳೂ ಅದನ್ನೇ ಧರಿಸಿದರು.

ಇದೇ ಊರಿನ ಅಲೆಕ್ಸಾಂಡರ್ ಮೆಕೆಂಜಿಯು ಕೆನಡಾದಲ್ಲಿ ಒಂದು ಮಹಾನದಿಯ ಗುಂಟ ಸಾಗಿ 1789ರಲ್ಲಿ ಉತ್ತರ ಸಾಗರವನ್ನು ಮುಟ್ಟಿದನು. ಆ ನದಿಗೆ ಅವನ ಹೆಸರೇ ನಿಂತಿತು. ಇನ್ನೊಬ್ಬ ಅಲೆಕ್ಸಾಂಡರ್ ಮೆಕೆಂಜಿ ಕಲ್ಲುಕುಟಿಗನಾಗಿದ್ದು, 1873ರಿಂದ 1878ರವರೆಗೆ ಆ ದೇಶದ ಪ್ರಧಾನಿಯಾದನು. ಎಡಿನ್‌ಬರೋದಲ್ಲಿ 1847ರಲ್ಲಿ ಜನಿಸಿದ ಮೂರನೆಯ ಅಲೆಕ್ಸಾಂಡರ್ ಮೆಕೆಂಜಿ ಸಂಗೀತಗಾರ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ಗೆ 1888ರಿಂದ 1924ರವರೆಗೆ ಪ್ರಾಂಶುಪಾಲರಾಗಿದ್ದರು.

ಇವರೆಲ್ಲರಿಗಿಂತ ನಮ್ಮ ಮನಸ್ಸನ್ನು ಸೆಳೆದವರು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಪ್ರೆಷಸ್ ಮೆಕೆಂಜಿ. ಕುಳ್ಳಾದ ಈ ಭಾರ ಎತ್ತುಗಾರರಿಗೆ ಮೈಬಣ್ಣದ ಕಾರಣದಿಂದ ಸ್ವದೇಶದ ತಂಡದಲ್ಲಿ ಸ್ಥಳವಿಲ್ಲವಾಯಿತು. ಅವರು ಇಂಗ್ಲೆಂಡಿನ ಪರವಾಗಿ 1966, 1970, 1974ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿಯೂ, ನ್ಯೂಜಿಲೆಂಡಿನ ಪರವಾಗಿ 1978ರಲ್ಲಿಯೂ ಚಿನ್ನದ ಪದಕ ಪಡೆದರು. 1970ರ ಕ್ರೀಡೆಗಳು ನಡೆದುದು ಎಡಿನ್‌ಬರೋದಲ್ಲಿ. ಸ್ಕಾಟಿಷ್ ಹೆಸರು ಹೊತ್ತ ಕರಿಯ ಮನುಷ್ಯನೊಬ್ಬನು ಸ್ಕಾಟ್ಲೆಂಡಿನ ನೆಲದಲ್ಲಿಯೇ ಗೆದ್ದನು.

ಸಂಜೆ ರೇವಿನ ಕಟ್ಟೆಯ ಮೇಲೆ ಕುಳಿತಾಗ ಮತ್ತೆ ಕರ್ನಲ್ಲರ ನೆನಪಾಯಿತು. ನಮ್ಮ ನಾಡಿನ ಭಾಷೆಗಳನ್ನು ಅವರು ಬಲ್ಲವರಲ್ಲ. ಊರೂರು ತಿರುಗಿ ಓಲೆಗರಿಗಳನ್ನು ಬೇಡಿ ತಂದವರು, ಶಾಸನಗಳನ್ನು ಓದಿ ಹೇಳಿದವರು ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಆದರೂ ಆ ಭಂಡಾರಕ್ಕೆ ‘ಮೆಕೆಂಜಿ ಸಂಗ್ರಹ’ವೆಂದೇ ಹೆಸರು. ಕರ್ನಲ್ಲರ ಆಸಕ್ತಿಯಿಲ್ಲದಿದ್ದರೆ ಅದು ಉಳಿಯುತ್ತಿರಲಿಲ್ಲವೆಂಬುದು ನಿಜ. ಮುಂದೆ ಆ ಕೈಫಿಯತ್ತುಗಳನ್ನು ತಿರುವಿಹಾಕುವವರು ಮೆಕೆಂಜಿಯವರೊಡನೆ ಬೋರಯ್ಯನವರನ್ನೂ ನೆನೆಯಲೆಂದು ನಮ್ಮ ಬಯಕೆ.