ವಾಗ್ದತ್ತೆಯಾಗಿಯೋ, ಪತ್ನಿಯಾಗಿಯೋ?

ಹೆಣ್ಣುಮಗಳು ಮದುವೆಯಾಗಿ ಬೇರೆ ಊರಿಗೆ ಹೋಗುವುದು ನಮ್ಮ ಕಂಬಂ ಕಣಿವೆಯ ಕನ್ನಡ ಮನೆಗಳಿಗೆ ಹೊಸದಲ್ಲ. ಬೋಡಿಯಿಂದ ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿಗೆ, ಕಂಬಂನಿಂದ ಘಟ್ಟದ ಮೇಲಣ ಕುಮಳಿಗೆ ಸೊಸೆಯರಾಗಿ ಹೋದವರು ಅನೇಕರುಂಟು. ಅವರಿಗೆ ಬೇಕಾದುದು ಬಸ್ಸಿನ ಚೀಟಿಯೊಂದೇ. ಈಗ ವರನು ಕಡಲಾಚೆ ಇರುವನು. ಅಲ್ಲಿಗೆ ಹೋಗಲು ಬಾಗಿಲುಗಳು ಹಲವು. ಯಾವ ಬಾಗಿಲಿನಿಂದ ಒಳಹೊಕ್ಕಳೆಂಬುದರ ಮೇಲೆ ಹೆಣ್ಣಿನ ಮುಂದಿನ ಬಾಳು ನಿಂತಿರುತ್ತದೆ.

ನಮ್ಮ ತಂಗಿಯ ಮಗಳು ಬಿ.ಎಡ್. ಮುಗಿಸಿ ದಿಂಡಿಗಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಅಮೆರಿಕದ ಪೌರತ್ವ ಪಡೆದ ನಮ್ಮವರ ಹುಡುಗನೊಡನೆ ಸಂಬಂಧ ಕೂಡಿಬಂತು. ಅವಳನ್ನು ಕೆ-1 ವೀಸಾದಲ್ಲಿ ವಾಗ್ದತ್ತೆಯಾಗಿ ಕರೆಸಿಕೊಂಡು ಅಲ್ಲಿಯೇ ಮದುವೆ ನಡೆಸೋಣ, ಬೇಗನೆ ಆಗುತ್ತದೆ ಎಂದರು ಗಂಡಿನವರು. ಮೊಮ್ಮಗಳ ಧಾರೆಯನ್ನು ಕಣ್ಣಾರೆ ಕಾಣದೆ ಕಳುಹಿಸಲಾರೆನೆಂದರು ನಮ್ಮ ತಾಯಿ. ಆಗ ಹಿರಿಯರೊಬ್ಬರು, ಇಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿಸಿ, ನೋಂದಣಿ ಮಾಡಿಸದೆ, ವಾಗ್ದತ್ತೆಯೆಂದೇ ಕಳುಹಿಸಬಹುದೆಂದು ಸೂಚಿಸಿದರು.

ಇದಕ್ಕೆ ನಾವು ಒಪ್ಪಲಿಲ್ಲ. 1955ರ ಹಿಂದೂ ವಿವಾಹ ಕಾನೂನಿನಂತೆ, ಸಂಪ್ರದಾಯದ ಪ್ರಕಾರ ನಡೆದ ಮದುವೆ ನೋಂದಣಿ ಇಲ್ಲದಿದ್ದರೂ ಮದುವೆಯೇ. ಧಾರೆ ಮುಗಿದ ಮೇಲೆ ಅವಳು ಪತ್ನಿ. ವಾಗ್ದತ್ತೆಯೆಂದು ಬರೆದುಕೊಟ್ಟರೆ ಸುಳ್ಳಾಗುತ್ತದೆ. ಹೊಸ ಬಾಳಿಗೆ ಸುಳ್ಳು ಅಡಿಗಲ್ಲಾಗಬಾರದು.

ಆಗ ಹುಡುಗಿ ಕೇಳಿದಳು: “ಮಾವ, ಅಲ್ಲಿ ಇಳಿದ ದಿನ ನಾನು ಯಾರಾಗಿರುತ್ತೇನೆ?”

ಅದೇ ಸರಿಯಾದ ಪ್ರಶ್ನೆ. ವಾಗ್ದತ್ತೆಯಾಗಿ ಹೋದವಳು 90 ದಿನಗಳೊಳಗೆ ಅದೇ ವರನನ್ನು ಮದುವೆಯಾಗತಕ್ಕದ್ದು, ಇಲ್ಲವಾದರೆ ಹಿಂದಿರುಗಬೇಕು. ಮದುವೆಯ ನಂತರ ಕಾಯಂ ವಾಸಕ್ಕೆ ಅರ್ಜಿ ಹಾಕಿ ಕಾಯಬೇಕು. ಕೆಲಸದ ಅನುಮತಿ ಕೈಸೇರುವವರೆಗೆ ದುಡಿಯುವಂತಿಲ್ಲ. ಮುಂಗಡ ಅನುಮತಿಯಿಲ್ಲದೆ ಊರಿಗೆ ಬಂದರೆ ಅರ್ಜಿಯೇ ಬಿದ್ದುಹೋಗುವ ಭಯವುಂಟು. ಪತ್ನಿಯ ಹಾದಿಯೇ ಬೇರೆ. ಇಲ್ಲಿ ಮದುವೆಯಾಗಿ, ಗಂಡನು ಐ-130 ಮನವಿ ಸಲ್ಲಿಸಿ, ವೀಸಾ ದೊರೆತು ಹೋದವಳು ಇಳಿದ ದಿನವೇ ಕಾಯಂ ವಾಸಿ. ದುಡಿಯಬಹುದು, ಬಂದು ಹೋಗಬಹುದು. ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಮೊದಲ ಚೀಟಿ ಎರಡು ವರ್ಷದ್ದು; ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ದಂಪತಿಗಳು ಜೊತೆಗೂಡಿ ಅರ್ಜಿ ಹಾಕಬೇಕು.

ಇಂಗ್ಲೆಂಡಿನಲ್ಲಿಯೂ ಇಂಥದೇ ಭೇದವಿದೆ. ವಾಗ್ದತ್ತೆಗೆ 6 ತಿಂಗಳ ಅವಧಿ, ಕೆಲಸ ಮಾಡುವಂತಿಲ್ಲ. ಪತ್ನಿಗೆ ಮೊದಲು 33 ತಿಂಗಳು, ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ 2024ರ ಏಪ್ರಿಲ್ 11ರಿಂದ ಹೊಸದಾಗಿ ಅರ್ಜಿ ಹಾಕುವವರಿಗೆ ವರ್ಷಕ್ಕೆ 29,000 ಪೌಂಡುಗಳ ವರಮಾನ ತೋರಿಸಬೇಕೆಂಬ ನಿಯಮ ಬಂದಿದೆ. ಇನ್ನು ವರನು ಅಮೆರಿಕದಲ್ಲಿ ಎಚ್-1ಬಿ ನೌಕರನಾಗಿದ್ದರೆ ಪತ್ನಿ ಹೋಗುವುದು ಎಚ್-4ರಲ್ಲಿ. ಗಂಡನ ಕಾಯಂ ವಾಸದ ಐ-140 ಮನವಿ ಮಂಜೂರಾಗುವವರೆಗೆ ಅವಳಿಗೆ ಸಾಮಾನ್ಯವಾಗಿ ಕೆಲಸದ ಅನುಮತಿಯಿಲ್ಲ. ಆ ಅನುಮತಿಯಾದರೂ 2015ರಿಂದ ಬಂದದ್ದು.

ಹುಡುಗಿ ಪತ್ನಿಯಾಗಿಯೇ ಹೋಗುವೆನೆಂದಳು. ಕಂಬಂನಲ್ಲಿ ಮದುವೆ ನಡೆಯಿತು. ತಮಿಳುನಾಡಿನ 2009ರ ಕಾನೂನಿನಂತೆ 90 ದಿನಗಳೊಳಗೆ ನೋಂದಣಿಯೂ ಆಯಿತು. ಅದಕ್ಕೆ ಮುನ್ನ ಕಾಗದಗಳಲ್ಲಿನ ಹೆಸರುಗಳನ್ನು ನಾವೇ ಒಂದೊಂದಾಗಿ ಹೋಲಿಸಿ ನೋಡಿದೆವು. ತಮಿಳಿನಲ್ಲಿ ಕ-ಗಗಳಿಗೆ ಒಂದೇ ಅಕ್ಷರವಾದುದರಿಂದ ನಮ್ಮ ಮನೆಯ ಗಿರಿಜೆ ಮತ್ತೊಂದು ಕಾಗದದಲ್ಲಿ ಕಿರಿಜೆಯಾಗಬಹುದು. ಗಡಿಯಾಚೆ ಅವರಿಬ್ಬರೂ ಬೇರೆ ಬೇರೆ ಹೆಂಗಸರು.

ಕಾಯುವುದು ಸುಲಭವಾಗಿರಲಿಲ್ಲ. ಮದುವೆಯಾದ ಮಗಳು ತವರಲ್ಲಿಯೇ ಇರುವಳಲ್ಲ ಎಂಬ ಬೀದಿಯ ಮಾತನ್ನು ತಂಗಿ ಒಂದು ವರ್ಷಕ್ಕೂ ಮಿಗಿಲಾಗಿ ನುಂಗಿಕೊಂಡಳು. ಮೊದಲ ದೀಪಾವಳಿಗೆ ಅಳಿಯನು ಬರಲಾಗಲಿಲ್ಲ. ಹುಡುಗಿ ಮಾತ್ರ ದಿನವೂ ಶಾಲೆಗೆ ಹೋಗಿ ಪಾಠ ಹೇಳಿದಳು. ಕೊನೆಗೆ ತನ್ನ ಸಂಬಳದ ಉಳಿತಾಯವನ್ನು ಕೈಯಲ್ಲಿ ಹಿಡಿದೇ ವಿಮಾನ ಹತ್ತಿದಳು.

ಆದುದರಿಂದ ಹೆಣ್ಣು ಹೆತ್ತ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಎಷ್ಟು ಬೇಗ ಕಳುಹಿಸಬಹುದೆಂದು ವಿಚಾರಿಸುವ ಮುನ್ನ, ಅಲ್ಲಿ ಕಾಲಿಟ್ಟ ದಿನ ಆಕೆಗೆ ಏನೇನು ಹಕ್ಕುಗಳಿರುತ್ತವೆಂದು ವಿಚಾರಿಸಿರಿ. ಆ ಪ್ರಶ್ನೆಯನ್ನು ಮಗಳ ಎದುರಿಗೇ ಕೇಳಿರಿ. ಉತ್ತರವನ್ನು ಅವಳೇ ಆರಿಸಿಕೊಳ್ಳಲಿ.